ಒಂದೇ ಪೆನ್ನಿನ ಏಳು ದಿನ

ಭದ್ರಾವತಿ
18 ನವೆಂಬರ್ 2025, ಬೆಳಿಗ್ಗೆ

ಜನಾರ್ದನ, ಹೇಗಿದೀಯ ಮಾರಾಯ? ನಿನ್ನ ಮೆಸೇಜಿಗೆ ಎಂಟು ದಿನ ಆದ್ಮೇಲೆ ಮಾತಾಡ್ತಿದೀನಿ, ಬೇಜಾರು ಮಾಡ್ಕೋಬೇಡ. ಮೂರು ಸಲ ರೆಕಾರ್ಡ್ ಮಾಡಿ ಅಳಿಸಿದೆ. ನಿಂಗೊಂದು ವಿಷಯ ಹೇಳ್ಬೇಕು, ಅದ್ರ ಹತ್ರ ಬಂದಾಗೆಲ್ಲ ಬೇರೆ ಮಾತಿಗೆ ಹೊರಳ್ತೀನಿ. ನಿನ್ನ ಹಿಟ್ಟಿನ ಗಿರಣಿ ನಿಲ್ಲಿಸ್ಕೊಂಡು ಕೇಳು.

ಮೊದ್ಲು ಸ್ಕ್ಯಾನಿನ ಸುದ್ದಿ. ನಿನ್ನ ಮಗಳು ಕವನ ತನ್ನ ಸಂಶೋಧನೆಗೆ ಐವತ್ತು ವರ್ಷ ದಾಟಿದೋರು ಬೇಕು ಅಂದ್ಲಲ್ಲ, ದುರ್ಗಿಗುಡಿ ಸ್ಕ್ಯಾನ್ ಸೆಂಟರಿಗೆ ಹೋಗಿ ಎಂಆರ್‌ಐ ಒಳಗೆ ಮಲಗಿ ಬಂದೆ. ನಿದ್ದೇಲಿ ಮೆದುಳಿನ ನೀರು ರಕ್ತನಾಳದ ಪಕ್ಕದ ಸಂದೀಲಿ ಹರಿದು ಕಸ ತೊಳ್ಕೊಂಡು ಹೋಗುತ್ತಂತೆ. ಇನ್ನೂ ಪೂರ್ತಿ ಸಾಬೀತಾಗಿಲ್ಲ ಅಂದ್ಲು. ಕೆಲವು ಕಡೆ ಬೆನ್ನಿಗೆ ಔಷಧಿ ಚುಚ್ಚಿ, ಅದು ತಲೆಗೆ ಏರೋದನ್ನ ದಿನವಿಡೀ ಚಿತ್ರ ತೆಗೀತಾರಂತೆ. ನಂಗೆ ಸೂಜಿ ಇಲ್ಲ. ನೀರು ಯಾವ ದಿಕ್ಕಿಗೆ ಜರುಗುತ್ತೆ ಅಂತ ಮೆಷಿನ್ನೇ ಅಳೆಯುತ್ತೆ. ಮೆಷಿನ್ನಿನ ಸದ್ದಿಗೆ ಎಲ್ರೂ ಹೆದರ್ತಾರಂತೆ. ಫೌಂಡ್ರಿ ಸದ್ದಲ್ಲಿ ಪಳಗಿದ ಕಿವಿ ನಂದು, ಗೊರಕೆ ಹೊಡೆದೆ. "ಮಾಮ, ತಲೆ ಅಲ್ಲಾಡಿದ್ರೆ ಚಿತ್ರ ಕೆಡುತ್ತೆ!" ಅಂತ ಮೈಕಲ್ಲಿ ಕೂಗಿದ್ಲು.

ಅದಕ್ಕೆ ಮುಂಚೆ ಒಂದು ವಾರ, ಎಷ್ಟು ನಿದ್ದೆ ಮಾಡಿದೆ ಅಂತ ದಿನಾ ಬರೀಬೇಕಿತ್ತು. ನಾನು ಬಸ್ಸಲ್ಲಿ ಕೂತು ಏಳೂ ದಿನದ್ದು ಒಟ್ಟಿಗೆ ತುಂಬಿಸ್ದೆ. ಹತ್ತಕ್ಕೆ ಮಲಗಿದೆ, ಆರಕ್ಕೆ ಎದ್ದೆ ಅಂತ.

ಹಾಳೆ ನೋಡಿ ಕವನ, "ಮಾಮ, ಏಳು ದಿನಾನೂ ಒಂದೇ ಪೆನ್ನು, ಒಂದೇ ಬಸ್ಸಿನ ಕುಲುಕಾಟ! ಕೈಗೆ ಕಟ್ಟಿದ್ದ ನಿದ್ದೆ ಅಳೆಯೋ ಪಟ್ಟಿ ಪ್ರಕಾರ ದಿನಾ ಮೂರಕ್ಕೇ ಎದ್ದಿದೀರ. ನಿದ್ದೆ ಲೆಕ್ಕಾನೇ ಸುಳ್ಳಾದ್ರೆ ಚಿತ್ರ ಇಟ್ಕೊಂಡು ನಾನೇನ್ಮಾಡ್ಲಿ?" ಅಂದ್ಲು.

"ಫೌಂಡ್ರಿ ಅಭ್ಯಾಸ ಕಣಮ್ಮ. ಗಂಟೆಗೊಂದು ಮೀಟರ್ ರೀಡಿಂಗ್ ಬರೀಬೇಕು, ಶಿಫ್ಟ್ ಮುಗಿಯೋವಾಗ ಎಲ್ಲಾ ಒಟ್ಟಿಗೆ ತುಂಬಿಸ್ತಿದ್ವಿ."

"ಅಪ್ಪನೂ ಹಾಗೇನಾ?"

"ಇಲ್ಲ. ನಿಮ್ಮಪ್ಪ ಮೀಟರ್ ನೋಡೇ ಬರೀತಿದ್ದ."



ಹೊಸ ಹಾಳೆ ಕೊಟ್ಟಿದಾಳೆ, ಮುಂದಿನ ವಾರ ಮತ್ತೆ ಸ್ಕ್ಯಾನು. ಒಳ್ಳೆ ಹುಡುಗಿ, ಚೆನ್ನಾಗಿರ್ಲಿ. ವಿಶಾಲಮ್ಮ ಅತ್ತಿಗೇನ ಕೇಳ್ದೆ ಅಂತ ಹೇಳು.

ನಿನ್ನ
ಧರ್ಮೇಂದ್ರ

ಇನ್ನೊಂದು ಚಿಕ್ಕ ರೆಕಾರ್ಡಿಂಗ್, ಅಳಿಸೋ ಮುಂಚೆ ಕಳಿಸ್ತಿದೀನಿ. ಇಪ್ಪತ್ತೊಂದು ವರ್ಷದ ಹಿಂದೆ ಆವತ್ತು ಮಧ್ಯಾಹ್ನ ಎರಡಕ್ಕೆ ನನ್ನ ಶಿಫ್ಟ್ ಮುಗೀತು, ನೀನು ಬಂದೆ. ಕಾಲು ಗಂಟೇಲಿ ಕಬ್ಬಿಣ ಕರಗಿಸೋ ಫರ್ನೇಸ್ ವಿಪರೀತ ಕಾದು ಒಡೀತು. ಎರಡು ಗಂಟೆವರೆಗೂ ಅದನ್ನ ತಣ್ಣಗಿಡೋ ನೀರು ಸರಿಯಾಗೇ ಇತ್ತು ಅಂತ ಲಾಗ್‌ಬುಕ್ಕಲ್ಲಿತ್ತು, ಅದಕ್ಕೇ ತಪ್ಪು ನಿಂದು ಅಂತ ಕೆಲಸದಿಂದ ತೆಗೆದ್ರು. ಆ ಕೊನೆ ಮೂರು ರೀಡಿಂಗ್ ನಾನು ಮೀಟರ್ ನೋಡದೆ ಬರೆದಿದ್ದು, ಜನಾರ್ದನ. ವಿಚಾರಣೇಲೂ ಸುಮ್ನಿದ್ದೆ.

ಇವತ್ತು ಹೊಸ ಹಾಳೇಲಿ ನಿಜಾನೇ ಬರೆದೆ: ಮೂರಕ್ಕೆ ಎಚ್ಚರ. 'ಕಾರಣ' ಅನ್ನೋ ಜಾಗ ಖಾಲಿ ಬಿಟ್ಟಿದೀನಿ. ನೀನು ಇದನ್ನ ಕೇಳಿದ್ಮೇಲೆ ತುಂಬಿಸ್ತೀನಿ.