ಎರಡು ರಿಂಗು ಕೊಟ್ಟವಳು ತಾಯಿ ಎಂದು ಬರೆದುಕೊಡಿ

ದೂರವಾಣಿ ಸೇವೆಯ ಹಿರಿಯ ಅಧಿಕಾರಿಗಳೇ,

ಜೋಗುಪಾಳ್ಯದ ನನ್ನ ಜೆರಾಕ್ಸ್ ಅಂಗಡಿಯ ಕಾಯಿನ್ ಫೋನಿನಿಂದ ಹೋಗುವ ಎಸ್‌ಟಿಡಿ ಕರೆಗಳನ್ನು ನೀವು ಯಾರಿಗೂ ಹೇಳದೆ ಯಾವುದೋ ಖಾಸಗಿ ಕಂಪನಿಯ ದಾರಿಗೆ ತಿರುಗಿಸಿದ್ದೀರಿ. ಅಂದಿನಿಂದ ಕರೆ ಹೋದ ಕಡೆ ನನ್ನ ಫೋನಿನ ನಂಬರು ಕಾಣುವುದಿಲ್ಲ. ದಿನಕ್ಕೊಂದು ಊರಿನ, ದಿನಕ್ಕೊಂದು ರಾಜ್ಯದ ನಂಬರು ಕಾಣುತ್ತದೆ. ನಿಮಗಿದು ಸಣ್ಣ ತಾಂತ್ರಿಕ ಬದಲಾವಣೆ. ಇದರಿಂದ ಒಬ್ಬ ಹೆಣ್ಣುಮಗಳ ಸಂಸಾರ ಬರುವ ಸೋಮವಾರ ಮುರಿದುಬೀಳಲಿದೆ.

ಈ ಕಾಲದಲ್ಲೂ ಕಾಯಿನ್ ಫೋನೇ ಎಂದು ನಗಬೇಡಿ. ನಮ್ಮ ಹಿಂದಿನ ವಠಾರದಲ್ಲಿ ಯಾದಗಿರಿ ಕಡೆಯ ಹುಸೇನಮ್ಮ ಇದ್ದಾರೆ, ಇಂದಿರಾನಗರದಲ್ಲಿ ಕಟ್ಟಡದ ಕೆಲಸ. ಇದ್ದೊಂದು ಮೊಬೈಲು ಕಾಂಕ್ರೀಟಿಗೆ ಬಿದ್ದುಹೋಯಿತು. ಊರ ಕಡೆ ಮದುವೆ ಮಾಡಿಕೊಟ್ಟ ಮಗಳು ಕಾವೇರಿಗೂ ಅವರಿಗೂ ಒಂದು ಪದ್ಧತಿ: ಸಂಜೆ ಆರಕ್ಕೆ ತಾಯಿ ಎರಡು ರಿಂಗು ಕೊಟ್ಟು ಇಡುವುದು, ಮಗಳು ನಂಬರು ಗುರುತಿಸಿ ಕೈ ಬಿಡುವಾದಾಗ ಇದೇ ಫೋನಿಗೆ ಮಾಡುವುದು. ಹುಸೇನಮ್ಮ ನನ್ನ ಸ್ಟೂಲಿನ ಮೇಲೆ ಕೂತು ಕಾಯುತ್ತಿದ್ದರು.

ಕಳೆದ ತಿಂಗಳು ಮಗಳ ಕರೆ ನಿಂತಿತು. ಎತ್ತುವವರೆಗೂ ರಿಂಗಾಗಲಿ ಬಿಡಿ ಎಂದೆ. "ಉದ್ದಕ ಬಾರ್ಸಿದ್ರ ಯಾರರ ಸತ್ತಾರಂತ ಅರ್ಥರಿ. ಸುಮ್‌ಸುಮ್ನ ಹೆಂಗ ಬಾರ್ಸಲಿ?" ಎಂದರು. ಹಾಗಾದರೆ ದಿನಾ ಕೊಡ್ತಾ ಇರಿ, ಒಂದಿನ ನೋಡ್ತಾಳೆ ಎಂದು ಬುದ್ಧಿ ಹೇಳಿದವನು ನಾನೇ. ಹದಿನೈದು ದಿನ ಕೊಟ್ಟರು.

ಮೊನ್ನೆ ಹುಸೇನಮ್ಮನ ತಮ್ಮ ಜಟ್ಟೆಪ್ಪ ಊರಿಂದ ಬಂದು ಹೇಳಿದ: "ದಿನಾ ಆರಕ್ಕ ಎರಡ ರಿಂಗ ಬರ್ತಾವಂತ, ದಿನಕ್ಕೊಂದ ನಂಬರ್. ಅಳಿಯ ಬ್ಯಾರೇನ ತಿಳ್ಕೊಂಡು ಫೋನ್ ಕಸ್ಗೊಂಡಾನ. ಸೋಮಾರ ಹಿರೇರನ್ನ ಕುಂದ್ರಿಸಿ ಬಿಟ್ಟಬಿಡ್ತೀನಿ ಅಂತಾನ."

ಅಳಿಯ ಭೀಮಾಶಂಕರನನ್ನು ನಾನು ಪೂರ್ತಿ ಬೈಯಲಾರೆ. ನಿಮ್ಮ ಮನೆಯ ಫೋನಿಗೆ ದಿನವೂ ಅದೇ ಹೊತ್ತಿಗೆ, ಬೇರೆ ಬೇರೆ ನಂಬರಿಂದ ಎರಡೇ ರಿಂಗು ಬಂದಿದ್ದರೆ ನೀವೇನು ದೇವರ ಕರೆ ಅಂದುಕೊಳ್ಳುತ್ತಿದ್ದಿರಾ? ಅವತ್ತೇ ನನ್ನ ಮೊಬೈಲಿಂದ ಕಾವೇರಿಯ ನಂಬರಿಗೇ ಮಾಡಿ ಅವನಿಗೆ ವಿವರಿಸಲು ಹೋದೆ. "ಹಾಂ, ಸಿಕ್ಕಿಬಿದ್ದಿ. ನೀನೇ ಏನು ಅಂವ?" ಎಂದ. ಹುಸೇನಮ್ಮನ ಕೈಗೆ ಕೊಡುವಷ್ಟರಲ್ಲಿ ಇಟ್ಟುಬಿಟ್ಟ. ಆಮೇಲೆ ಸ್ವಿಚ್ ಆಫ್. ಉಪಕಾರ ಮಾಡಲು ಹೋಗಿ ಅನುಮಾನಕ್ಕೆ ಗಂಡು ದನಿಯನ್ನೂ ಒದಗಿಸಿಕೊಟ್ಟೆ. ಆ ಸಂಕಟ ನನ್ನನ್ನು ಬಿಡುತ್ತಿಲ್ಲ.

ನಿಮ್ಮ ಕಚೇರಿಗಳಿಗೂ ಅಲೆದೆ. ಶಿವಾಜಿನಗರದವರು ಹಲಸೂರಿಗೆ ಕಳಿಸಿದರು, ಹಲಸೂರಿನವರು ಕೆ.ಆರ್. ಪುರಕ್ಕೆ. ಅಲ್ಲಿ ಒಬ್ಬರು, "ಸರ್, ಕಾಲ್ ಹೋಗ್ತಿದೆ ತಾನೆ? ಮತ್ತೇನ್ ಕಂಪ್ಲೇಂಟು?" ಎಂದರು. ಹೌದು, ಹೋಗುತ್ತಿದೆ. ಹೋಗದಿದ್ದರೆ ಕಾವೇರಿ ಬದುಕಿಕೊಳ್ಳುತ್ತಿದ್ದಳು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂಬುದನ್ನು ನಿಮ್ಮ ಸೇವಾ ನಿಯಮಗಳಲ್ಲಿ ಸೇರಿಸಿದ್ದೀರೇನು? ಅಪರಿಚಿತ ನಂಬರು ನಂಬಬೇಡಿ ಎಂದು ಜನರಿಗೆ ದಿನಾ ಪಾಠ ಹೇಳಿಸುವ ನೀವೇ ತಾಯಿಯನ್ನು ಅಪರಿಚಿತ ನಂಬರು ಮಾಡಿದಿರಿ.

ನಿನ್ನೆ ಆರಕ್ಕೆ ಹುಸೇನಮ್ಮ ನಾಣ್ಯ ಹಾಕಿ, "ಯಾರರ ಸತ್ತಾರಂತ ತಿಳ್ಕೊಂಡಾದ್ರೂ ಎತ್ತಲಿ, ಇವತ್ತ ಉದ್ದಕ ಬಾರಿಸ್ತೀನ್ರಿ" ಎಂದರು. ಆ ಕಡೆ ರಿಂಗೇ ಆಗಲಿಲ್ಲ. ಸ್ವಿಚ್ ಆಫ್ ಎಂದು ರೆಕಾರ್ಡಿನ ದನಿ ಹಿಂದಿಯಲ್ಲಿ ಹೇಳಿತು. "ಏನಂತಾರ್ರೀ, ಕಾವೇರಿ ಅದಾಳಂತೇನ್ರಿ?" ಎಂದು ರಿಸೀವರನ್ನು ನನ್ನ ಕೈಗೆ ಕೊಟ್ಟರು.

ಭಾನುವಾರದ ಬಸ್ಸಿಗೆ ಅವರು ಹೊರಡುತ್ತಾರೆ. ಹಿರಿಯರ ಮುಂದೆ ತಾಯಿಯ ಮಾತು ಮಗಳನ್ನು ಉಳಿಸುವ ಸುಳ್ಳಾಗುತ್ತದೆ, ನನ್ನ ಮಾತು ಮಿಂಡನ ಮಾತಾಗುತ್ತದೆ. ಯಾವ ಕರೆ ಎಲ್ಲಿಂದ ಹೊರಟಿತು ಎಂಬ ದಾಖಲೆ ಇರುವುದು ನಿಮ್ಮಲ್ಲಿ ಮಾತ್ರ. ದಾರಿಯನ್ನು ಯಾವಾಗಲಾದರೂ ಸರಿಪಡಿಸಿ. ಶನಿವಾರದೊಳಗೆ ಮಾತ್ರ ಒಂದು ಹಾಳೆ ಕೊಡಿ: ಈ ಹದಿನೈದು ದಿನದ ಕರೆಗಳು ಹೊರಟದ್ದು ಜೋಗುಪಾಳ್ಯದ ಒಂದೇ ಕಾಯಿನ್ ಫೋನಿನಿಂದ ಎಂದು, ಕನ್ನಡದಲ್ಲಿ, ಮೊಹರು ಒತ್ತಿ. ತಾಯಿ ಎಂಬ ಪದ ನಿಮ್ಮ ನಮೂನೆಯಲ್ಲಿ ಇಲ್ಲದಿದ್ದರೆ ಜಾಗ ಖಾಲಿ ಬಿಡಿ. ಹುಸೇನಮ್ಮ ಅಲ್ಲಿ ಹೆಬ್ಬೆಟ್ಟು ಒತ್ತುತ್ತಾರೆ.

ಇಂತಿ,
ಮೂವತ್ತೊಂದು ವರ್ಷ ಫೋನ್ ಕಾರ್ಖಾನೆಯಲ್ಲಿ ದುಡಿದೂ ಒಂದು ಕರೆ ಮುಟ್ಟಿಸಲಾರದ,
ವಾದಿರಾಜ
ಜೋಗುಪಾಳ್ಯ