ನನ್ನ ಅಜ್ಜಿಯ ಧ್ವನಿ

ಸಂಪಾಜೆ
೧೪ ಜುಲೈ ೨೦೨೫

ಗಾನಾ,

ನಿನ್ನನ್ನು ಹೀಗೆ ಕರೆಯುವುದು ಇದೇ ಕೊನೆ. ಬರುವ ಸೋಮವಾರ ನಿನ್ನ ಸಂಶೋಧನಾ ಸಂಸ್ಥೆಯ ವಿಚಾರಣಾ ಸಮಿತಿಯ ಮುಂದೆ ಹಾಜರಾಗಬೇಕಲ್ಲ, ದೂರು ಕೊಟ್ಟದ್ದು ಯಾರೆಂದು ಎಲ್ಲರ ಹತ್ತಿರ ಕೇಳುತ್ತಿದ್ದೀಯಂತೆ. ನಾನೇ. ಪುತ್ತೂರಿನ ಹಾಸ್ಟೆಲಿನಲ್ಲಿ ನಾಲ್ಕು ವರ್ಷ ನಿನ್ನ ಪಕ್ಕದ ಮಂಚದಲ್ಲಿ ಮಲಗಿದವಳು.

ಅಪ್ಪ ಜೀಪು ಓಡಿಸಿ ನನ್ನನ್ನು ಕಂಪ್ಯೂಟರ್ ಇಂಜಿನಿಯರಿಂಗ್ ಓದಿಸಿದ್ದು ನಿನಗೆ ಗೊತ್ತುಂಟು. ಓದುಬರಹ ಬಾರದ ನನ್ನ ಪೂವಮ್ಮಜ್ಜಿ ನಮ್ಮ ಕಡೆಯ ಆಡುನುಡಿ ಅರೆಭಾಷೆಯಲ್ಲಿ ಹೇಳಿದ್ದು ಮೊಬೈಲಿಗೆ ಅರ್ಥವಾಗಬೇಕು, ಅವರ ನೋವು ಎಲ್ಲಿ, ಎಂತದು ಎಂದು ಅದು ಡಾಕ್ಟರಿಗೆ ಕನ್ನಡದಲ್ಲಿ ಹೇಳಬೇಕು. ಇಷ್ಟೇ ನನ್ನ ಆಸೆ. ಎಂ.ಟೆಕ್.ಗೆ ಸೇರಿ ಅದೇ ವಿಷಯ ಹಿಡಿದೆ. ಎರಡು ವರ್ಷ ಮನೆಮನೆ ಅಲೆದು ನಲವತ್ತೊಂದು ಮಂದಿ ಹಿರಿಯರ ಮಾತು ರೆಕಾರ್ಡ್ ಮಾಡಿದೆ. ನೀನು ರಜೆಯಲ್ಲಿ ಬಂದೆ, ಮೂರು ದಿನ ನಮ್ಮಲ್ಲಿ ಉಂಡೆ, ಹೋಗುವಾಗ ಎಲ್ಲವನ್ನೂ ನಿನ್ನ ಲ್ಯಾಪ್‌ಟಾಪಿಗೆ ಹಾಕಿಕೊಂಡೆ. "ಕಳೆದುಹೋದರೆ? ನನ್ನ ಹತ್ತಿರ ಒಂದು ಪ್ರತಿ ಇರಲಿ ಮಾರಾಯ್ತಿ" ಎಂದೆ. ನಾನು ನಂಬಿದೆ.

ಅದೇ ರೆಕಾರ್ಡಿಂಗುಗಳನ್ನು ಇಟ್ಟುಕೊಂಡು ನೀನು ಬರೆದ ಪ್ರಬಂಧದಲ್ಲಿ ನನ್ನ ಹೆಸರೇ ಇಲ್ಲ. ಅದನ್ನು ತೋರಿಸಿ ನಿನಗೆ ಪಿಎಚ್.ಡಿ. ಸೀಟು ಸಿಕ್ಕಿತು. ನಾನು ಅರ್ಜಿ ಹಾಕಿದಾಗ, ಈ ಕೆಲಸ ಆಗಲೇ ಒಬ್ಬರು ಮಾಡಿದ್ದಾರೆ ಎಂದು ಹಿಂದೆ ಕಳಿಸಿದರು. ಅದನ್ನೂ ನುಂಗಿಕೊಳ್ಳುತ್ತಿದ್ದೆನೇನೋ. ಆದರೆ ಅಜ್ಜಿ ತೀರಿಕೊಂಡ ತಿಂಗಳಲ್ಲೇ ನೀನು ವೇದಿಕೆಯಲ್ಲಿ ಅವರ ಧ್ವನಿ ಕೇಳಿಸಿ, "ಇವರು ನನ್ನ ಅಜ್ಜಿ" ಎಂದು ಕಣ್ಣೊರೆಸಿಕೊಂಡೆ. ಜನ ಚಪ್ಪಾಳೆ ತಟ್ಟಿದರು. ಆ ವಿಡಿಯೋ ಅಪ್ಪನಿಗೆ ತೋರಿಸಿದೆ. ಪೂರ್ತಿ ನೋಡಲಾಗದೆ ಎದ್ದು ಹೋಗಿ ಜೀಪಿನಲ್ಲಿ ಒಬ್ಬರೇ ಕೂತರು.

ಆವತ್ತೇ ದೂರು ಬರೆದೆ. ಕೇಳಿದ್ದು ಒಂದೇ: ಅಜ್ಜಿಯ ಹನ್ನೊಂದನೇ ರೆಕಾರ್ಡಿಂಗ್ ಹಾಕಲಿ, ಅದರಲ್ಲಿ ಎಂತ ಉಂಟೆಂದು ಗಾನಶ್ರೀ ಹೇಳಲಿ. ಉಳಿದದ್ದನ್ನೆಲ್ಲ ಕನ್ನಡದಲ್ಲಿ ಬರೆದಿಟ್ಟಿದ್ದೆ, ಬರೀ ಮನೆಯೊಳಗಿನ ಮಾತೆಂದು ಅದೊಂದನ್ನು ಬಿಟ್ಟಿದ್ದೆ. ನಿನಗೆ ಅರೆಭಾಷೆಯ ಒಂದು ಶಬ್ದವೂ ಬಾರದು. ಸಮಿತಿ ಒಪ್ಪಿದೆ, ಭಾಷೆ ತಿಳಿದವರನ್ನು ಸುಳ್ಯದಿಂದ ಕರೆಸುತ್ತಿದೆ. ನಾನೂ ಬರುತ್ತೇನೆ. ಆಗ ನಿನ್ನ ಮುಖ ನೋಡಬೇಕು ನನಗೆ, ಅಷ್ಟೇ.

ಫೋನ್ ಮಾಡಿ ಅಳಬೇಡ. ನಾನು ಎತ್ತುವುದಿಲ್ಲ.

ಭವಿತಾ ತೀರ್ಥರಾಮ

ಮತ್ತೊಂದು ಮಾತು: ಉತ್ತರ ಬೇಕಾದರೆ ನಾನೇ ಹೇಳಿಕೊಡುತ್ತೇನೆ. ಅಜ್ಜಿ ಹೇಳಿದ್ದು ಇಷ್ಟು: "ಭವಿತಾ, ಆ ಮೊಬೈಲು ಅತ್ತ ಇಡು. ನಿನ್ನ ಪುತ್ತೂರಿನ ಗೆಳತಿ ನಾಚಿಕೊಂಡು ಅರೆಹೊಟ್ಟೆಯಲ್ಲೇ ಏಳುತ್ತಿದ್ದಾಳೆ. ಇನ್ನೊಂದು ರೊಟ್ಟಿ ಹಾಕು ಅವಳಿಗೆ." ಕಲಿತುಕೊಂಡು ಬಾ. ಸಮಿತಿಯ ಮುಂದೆ ನಿನ್ನ ಬಾಯಿಂದಲೇ ಹೇಳು.