ಎಡಗಡೆಯ ಸದ್ದು

ಪ್ರೀತಿಯ ಅಕ್ಕ,

ಗಿಟಾರಿನ ಸದ್ದು ಹೆಚ್ಚಿಸಿ ಎರಡು ಸ್ಪೀಕರಿಗೆ ಕಳಿಸುವ ಒಂದು ಸ್ಟೀರಿಯೊ ಟ್ಯೂಬ್ ಪವರ್ ಆಂಪ್ ಕೊಳ್ಳೋಣವೆಂದು ನಿನ್ನೆ ಅಂಗಡಿಗೆ ಹೋಗಿದ್ದೆ. ಚಿಕ್ಕದು ಸಾಕೋ ದೊಡ್ಡದು ಬೇಕೋ ಎಂದು ನೋಡಲು ಅಂಗಡಿಯವರು ನನ್ನನ್ನು ಎರಡು ಸ್ಪೀಕರುಗಳ ನಡುವೆ ಕೂರಿಸಿ ನುಡಿಸಲು ಹೇಳಿದರು. ಸದ್ದೆಲ್ಲ ಬಲಗಡೆಯಿಂದಲೇ ಬಂತು.

"ಎಡಗಡೇದು ಕೆಟ್ಟಿದೆ ಸಾರ್," ಎಂದೆ.

ಪಾಪ, ಅವರು ಆಂಪಿನೊಳಗಿನ ಟ್ಯೂಬ್ ಬದಲಿಸಿದರು, ವೈರ್ ಬದಲಿಸಿದರು, ಕೊನೆಗೆ ಬೇರೆ ಆಂಪನ್ನೇ ತಂದಿಟ್ಟರು. ಅದೂ ಹಾಗೇ.

"ಒಂದ್ಸಲ ಹಿಂದಕ್ಕೆ ತಿರುಗಿ ಕೂತ್ಕೊಳ್ಳಿ ನೋಡೋಣ."

ಗೋಡೆಗೆ ಮುಖ ಮಾಡಿ ನುಡಿಸಿದೆ. ಕೆಟ್ಟಿದೆ ಎಂದಿದ್ದ ಸ್ಪೀಕರ್ ಈಗ ನನ್ನ ಬಲಕ್ಕಿತ್ತು. ಸದ್ದು ಆಗಲೂ ಬಲಗಡೆಯಿಂದಲೇ ಬಂತು. ನುಡಿಸುವುದನ್ನು ನಿಲ್ಲಿಸಿದೆ.

ಅವರು ಸ್ವಿಚ್ ಆಫ್ ಮಾಡಿ, "ಮೊದ್ಲು ಕಿವಿ ತೋರಿಸ್ಕೊಂಡು ಬನ್ನಿ. ಇದೆಲ್ಲೂ ಹೋಗಲ್ಲ," ಎಂದರು.

ಎಡಗಿವಿ ಗುಂಯ್ ಎನ್ನುತ್ತಿದ್ದುದನ್ನು ನೆಗಡಿಯೆಂದುಕೊಂಡಿದ್ದೆ. ಪಾಠಕ್ಕೆ ಬರುವ ಮಕ್ಕಳು ಅಪಸ್ವರ ನುಡಿಸಿದರೆ ಇನ್ನು ನನಗೆ ಗೊತ್ತಾಗುತ್ತದೋ ಇಲ್ಲವೋ. ಇನ್ನೊಂದು ಕಿವಿಯೂ ಹೀಗೇ ಆದರೆ ಎಂದು ಯೋಚಿಸಲೂ ಹೆದರಿಕೆ.

ಆಂಪ್ ಇಷ್ಟವಾಗಲಿಲ್ಲ ಎಂದಷ್ಟೇ ಅಮ್ಮನಿಗೆ ಹೇಳಿದ್ದೇನೆ. ಸೋಮವಾರ ಕಿವಿ ಡಾಕ್ಟರ ಹತ್ತಿರ ನೀನೂ ಬಾ. ಅವರು ಹೇಳುವುದನ್ನು ನಾನೊಬ್ಬನೇ ಕೇಳಿಸಿಕೊಳ್ಳಲಾರೆ. ನನ್ನ ಬಲಗಡೆ ಕೂತ್ಕೋ.

ನಿನ್ನ ತಮ್ಮ